ಗೋವಾದ 1595ರ ಕೆತ್ತನೆ ನಕ್ಷೆ ಕೈಗೆ ಬಂದರೆ ಪರೀಕ್ಷಿಸುವ ಬಗೆ

ಪಣಜಿಯ ಹಳೆಯ ಮನೆಗಳ ಪಡಸಾಲೆಗಳಲ್ಲಿ, ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಅಂಗಡಿಗಳಲ್ಲಿ, ಕೆಲವೊಮ್ಮೆ ಪುಣೆಯ ಹಳೆಯ ಪುಸ್ತಕಗಳ ರಾಶಿಯಲ್ಲಿಯೂ ಗೋವಾ ಪಟ್ಟಣದ ಒಂದು ನಕ್ಷೆ ಕಾಣಸಿಗುತ್ತದೆ. ಶಿರೋನಾಮೆ ಪೋರ್ಚುಗೀಸ್ ಭಾಷೆಯಲ್ಲಿದ್ದು, ಇದು ಇಂಡಿಯಾದ ಮತ್ತು ಪೂರ್ವ ಪ್ರಾಂತ್ಯಗಳ ರಾಜಧಾನಿಯಾದ ಗೋವಾ ದ್ವೀಪ ಹಾಗೂ ಪಟ್ಟಣ ಎಂದು ಸಾರುತ್ತದೆ. ಕೆತ್ತಿದವನ ಹೆಸರು ಬಾಪ್ಟಿಸ್ಟಾ ಡೂಟೆಕುಮ್, ಇಸವಿ 1595. ಮಾರುವವರು ಸಾಮಾನ್ಯವಾಗಿ ಈ ಇಸವಿಯ ಮೇಲೆ ಬೆರಳಿಟ್ಟು ಬೆಲೆ ಹೇಳುತ್ತಾರೆ. ಆದರೆ ಅದು ತಾಮ್ರದ ತಗಡನ್ನು ಕೆತ್ತಿದ ವರ್ಷವೇ ಹೊರತು ನಿಮ್ಮ ಕೈಯಲ್ಲಿರುವ ಹಾಳೆಯನ್ನು ಅಚ್ಚು ಹಾಕಿದ ವರ್ಷವಲ್ಲ. ಹಾಳೆ 1596ರದ್ದಾಗಿರಬಹುದು, 1644ರದ್ದಾಗಿರಬಹುದು, ಕಳೆದ ಮಳೆಗಾಲದಲ್ಲಿ ಆಫ್‌ಸೆಟ್ ಯಂತ್ರದಲ್ಲಿ ಮುದ್ರಿಸಿದ್ದೂ ಆಗಿರಬಹುದು. ಇವುಗಳಲ್ಲಿ ಯಾವುದೆಂದು ತೀರ್ಮಾನಿಸಬೇಕಾದರೆ ಚಿತ್ರವನ್ನು ಬದಿಗಿಟ್ಟು ಕಾಗದ, ಮಸಿ ಮತ್ತು ಪ್ರಕಾಶಕನ ಚರಿತ್ರೆಯಿಂದ ಆರಂಭಿಸಬೇಕು. ಕಾಗದವನ್ನು ಮುಟ್ಟುವ ಮೊದಲೇ ತಿಳಿದಿರಬೇಕಾದುದು ಪ್ರಕಾಶಕನ ಚರಿತ್ರೆ.

ಪ್ರಕಾಶಕನ ಹೆಸರು ಕೊರ್ನೇಲಿಸ್ ಕ್ಲಾಸ್. ಹದಿನಾರನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಂಸ್ಟರ್‌ಡ್ಯಾಂ ನಗರದ ನದಿದಂಡೆಯಲ್ಲಿ, ಹಳೆಯ ಸೇತುವೆಯ ಪಕ್ಕದಲ್ಲಿ ಅವನ ಅಂಗಡಿಯಿತ್ತು. ನೌಕಾಯಾನದ ಕೈಪಿಡಿಗಳು, ಕಡಲ ನಕ್ಷೆಗಳು ಮತ್ತು ಪ್ರವಾಸ ಕಥನಗಳಲ್ಲಿ ಅವನಿಗೆ ಆ ಊರಿನಲ್ಲಿ ಸರಿಸಾಟಿಯಾದ ಪ್ರಕಾಶಕನಿರಲಿಲ್ಲ. ಡಚ್ ವ್ಯಾಪಾರಿಗಳು ಪೋರ್ಚುಗೀಸರ ಸಾಂಬಾರ ಪದಾರ್ಥಗಳ ವ್ಯಾಪಾರಕ್ಕೆ ಕೈಹಾಕಲು ಹೊಂಚುಹಾಕುತ್ತಿದ್ದ ಕಾಲವದು. ಅವರಿಗೆ ಬೇಕಾಗಿದ್ದ ಮಾಹಿತಿಯನ್ನು ಹೊತ್ತು ತಂದವನು ಯಾನ್ ಹುಯ್ಗೆನ್ ವಾನ್ ಲಿನ್ಸ್‌ಕೋಟನ್. 1563ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಈತ 1583ರಲ್ಲಿ ಗೋವಾಕ್ಕೆ ಬಂದು, ಅಲ್ಲಿನ ಆರ್ಚ್‌ಬಿಷಪ್ ವಿಸೆಂಟೆ ದ ಫೊನ್ಸೆಕಾ ಅವರ ಕಾರ್ಯದರ್ಶಿಯಾಗಿ ಐದು ವರ್ಷಗಳಷ್ಟು ಕಾಲ ಇದ್ದನು. ಆ ಅವಧಿಯಲ್ಲಿ ಹಡಗುಗಳ ದಾರಿ, ಸರಕುಗಳ ಬೆಲೆ, ಜನರ ಉಡುಗೆ, ಪಟ್ಟಣದ ಬೀದಿಗಳು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡು, 1592ರಲ್ಲಿ ತಾಯ್ನಾಡಿಗೆ ಮರಳಿದನು. ಅವನ ಬರಹದ ನೌಕಾಮಾರ್ಗಗಳ ಭಾಗವನ್ನು ಕ್ಲಾಸ್ 1595ರಲ್ಲಿಯೇ ಅಚ್ಚು ಹಾಕಿಸಿದನು, ಏಕೆಂದರೆ ಆ ವರ್ಷ ಹೊರಡಲಿದ್ದ ಹೌಟ್‌ಮನ್‌ನ ಮೊದಲ ಡಚ್ ಹಡಗುಪಡೆಗೆ ಅದು ತುರ್ತಾಗಿ ಬೇಕಾಗಿತ್ತು. ಇಡೀ ಗ್ರಂಥವಾದ 'ಇಟಿನೆರಾರಿಯೋ' 1596ರಲ್ಲಿ ಹೊರಬಂತು. ಗೋವಾದ ನಕ್ಷೆಯು ಆ ಗ್ರಂಥದೊಳಗೆ ಮಡಚಿ ಸೇರಿಸಿದ್ದ ದೊಡ್ಡ ಹಾಳೆ.

ಈ ಸಂಗತಿಗಳಿಂದ ಪರೀಕ್ಷೆಗೆ ನೇರವಾಗಿ ಉಪಯೋಗವಾಗುವ ಮೂರು ಸೂಚನೆಗಳು ಸಿಗುತ್ತವೆ. ಹಾಳೆಯನ್ನು ಪುಸ್ತಕದೊಳಗೆ ಮಡಚಿ ಕಟ್ಟಿದ್ದರಿಂದ ಅದರ ಮೇಲೆ ಒಂದಕ್ಕಿಂತ ಹೆಚ್ಚು ಮಡಿಕೆಗಳ ಗುರುತು ಇರಲೇಬೇಕು. ಕನ್ನಡಿಯಂತೆ ಸಪಾಟಾಗಿರುವ, ಮಡಿಕೆಯ ಸುಳಿವೇ ಇಲ್ಲದ ಹಾಳೆಯನ್ನು ಕಂಡರೆ ಅನುಮಾನಪಡುವುದು ಒಳ್ಳೆಯದು. ಮಡಿಕೆಯನ್ನು ಒತ್ತಿ ಸಪಾಟು ಮಾಡುವವರಿದ್ದಾರೆ ನಿಜ, ಆದರೆ ಓರೆಬೆಳಕಿನಲ್ಲಿ ಮಡಿಕೆಯ ಗೆರೆಯಲ್ಲಿ ಕಾಗದದ ನಾರು ಮುರಿದಿರುವುದು ಅಡಗುವುದಿಲ್ಲ. ಎರಡನೆಯದಾಗಿ, ಹಾಳೆಯ ಬೆನ್ನು ಖಾಲಿಯಾಗಿರಬೇಕು. ಮೂರನೆಯದಾಗಿ, ಕ್ಲಾಸ್ 1609ರಲ್ಲಿ ತೀರಿಕೊಂಡ ಮೇಲೂ ಪುಸ್ತಕ ನಿಲ್ಲಲಿಲ್ಲ. 1614, 1623 ಮತ್ತು 1644ರ ಡಚ್ ಆವೃತ್ತಿಗಳನ್ನು ಕ್ಲೊಪೆನ್‌ಬುರ್ಖ್ ಮನೆತನದ ಪ್ರಕಾಶಕರು ಹೊರತಂದರು. ಕೆತ್ತಿದ ತಗಡು ಪ್ರಕಾಶಕನ ಆಸ್ತಿ. ಅದು ಕೈಯಿಂದ ಕೈಗೆ ಹೋದಂತೆ ಅದರ ಮೇಲಿನ ಇಸವಿಯೂ ಜೊತೆಗೇ ಹೋಗುತ್ತದೆ.

ಈಗ ಕೆಲಸಕ್ಕೆ ಬರೋಣ. ಅಗತ್ಯವಾದ ಸಾಮಗ್ರಿ ಹೆಚ್ಚೇನೂ ಇಲ್ಲ. ಅಕ್ಕಸಾಲಿಗರು ಬಳಸುವ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಸಣ್ಣ ಭೂತಗನ್ನಡಿಯೊಂದು ಬೇಕು. ಒಂದು ಟಾರ್ಚ್, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ನೋಟಿನ ಅಸಲಿತನ ನೋಡಲು ಬಳಸುವ ಅಲ್ಟ್ರಾವಯಲೆಟ್ ದೀಪ ಇವಿಷ್ಟು ಸಾಕು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೇಜಿನ ಮೇಲೆ ಚಹಾ, ನೀರು, ಶಾಯಿಪೆನ್ನು ಇರಕೂಡದು. ನಕ್ಷೆಯು ಚೌಕಟ್ಟಿನೊಳಗಿದ್ದರೆ ಬಿಚ್ಚಿಸದೆ ಪರೀಕ್ಷೆ ನಡೆಯುವುದಿಲ್ಲ. ಬಿಚ್ಚಲು ಒಪ್ಪದ ಮಾರಾಟಗಾರನಿಂದ ದುಬಾರಿ ನಕ್ಷೆ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಜಿನ ಹಿಂದೆ ಎಲ್ಲ ನಕ್ಷೆಗಳೂ ಹಳೆಯವಾಗಿಯೇ ಕಾಣುತ್ತವೆ.

ಮೊದಲು ಕಾಗದ. ಹಾಳೆಯನ್ನು ಎರಡೂ ಕೈಗಳಿಂದ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಯೂರೋಪಿನಲ್ಲಿ ಆ ಕಾಲದ ಕಾಗದವನ್ನು ನಾರುಬಟ್ಟೆಯ ಚಿಂದಿಯನ್ನು ನೀರಿನಲ್ಲಿ ಕುಟ್ಟಿ, ತಂತಿಯ ಜರಡಿಯಲ್ಲಿ ಎತ್ತಿ ಮಾಡುತ್ತಿದ್ದರು. ಆ ತಂತಿಗಳ ಗುರುತು ಕಾಗದದೊಳಗೆ ಉಳಿಯುತ್ತದೆ: ಒತ್ತೊತ್ತಾಗಿ ಸಾಗುವ ಸಣ್ಣ ಗೆರೆಗಳು, ಅವುಗಳಿಗೆ ಅಡ್ಡಲಾಗಿ ಎರಡರಿಂದ ಮೂರು ಸೆಂಟಿಮೀಟರ್ ಅಂತರದಲ್ಲಿ ದಪ್ಪ ಗೆರೆಗಳು. ಕೆಲವು ಹಾಳೆಗಳಲ್ಲಿ ಕಾಗದ ಮಾಡಿದವನ ನೀರಚ್ಚು ಕೂಡ ಕಾಣುತ್ತದೆ. ಇಂತಹ ಗೆರೆಗಳಿಲ್ಲದ, ಸಮನಾದ ಮೈಯ ಕಾಗದವು ಯೂರೋಪಿನಲ್ಲಿ 1750ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ವಾಟ್‌ಮನ್‌ನ ಕಾರ್ಖಾನೆಯಿಂದ ಬಂದುದು. ಹಾಗಾಗಿ ಗೆರೆಗಳಿಲ್ಲದ ಕಾಗದದ ಮೇಲೆ 1595 ಎಂದು ಬರೆದಿದ್ದರೆ ಮುಂದಿನ ಪರೀಕ್ಷೆಗಳನ್ನು ಮಾಡುವ ಅಗತ್ಯವೇ ಇಲ್ಲ. ಗೆರೆಗಳಿದ್ದರೂ ನಿಶ್ಚಿಂತರಾಗಬೇಡಿ. ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಕಿತ್ತು ಅದರ ಮೇಲೆ ಹೊಸ ಅಚ್ಚು ಹಾಕುವ ಚತುರರಿದ್ದಾರೆ, ಗೆರೆಗಳ ಮಾದರಿಯನ್ನು ಅನುಕರಿಸಿದ ಕಾಗದವೂ ಇಂದು ಸಿಗುತ್ತದೆ.

ಇಲ್ಲಿ ಅಲ್ಟ್ರಾವಯಲೆಟ್ ದೀಪ ನೆರವಿಗೆ ಬರುತ್ತದೆ. ಕೋಣೆಯನ್ನು ಕತ್ತಲು ಮಾಡಿ ದೀಪವನ್ನು ಹಾಳೆಯ ಅಂಚಿಗೆ, ಬೆನ್ನಿಗೆ ಹಿಡಿದು ನೋಡಿ. ಕಾಗದವನ್ನು ಬೆಳ್ಳಗೆ ಕಾಣಿಸಲು ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಸೇರಿಸುತ್ತ ಬಂದ ರಾಸಾಯನಿಕಗಳು ಈ ಬೆಳಕಿನಲ್ಲಿ ನೀಲಿಮಿಶ್ರಿತ ಬಿಳಿಯಾಗಿ ಹೊಳೆಯುತ್ತವೆ. ಚಿಂದಿಯ ಹಳೆಯ ಕಾಗದ ಮಂಕಾದ ಕೆನೆಬಣ್ಣವಾಗಿ ಉಳಿಯುತ್ತದೆ. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡಿದ ಕಾಗದವನ್ನು ಪತ್ತೆಹಚ್ಚಲು ದೀಪವೂ ಬೇಕಾಗಿಲ್ಲ. ಕಾಲದಿಂದ ಬರುವ ಕಂದು ಅಂಚಿನಲ್ಲಿ ಹೆಚ್ಚಾಗಿ, ಪುಸ್ತಕದೊಳಗೆ ಅಡಗಿದ್ದ ಭಾಗದಲ್ಲಿ ಕಡಿಮೆಯಾಗಿ ಇರುತ್ತದೆ. ಚಹಾದ ಕಂದು ಎಲ್ಲೆಡೆ ಒಂದೇ ಸಮ ಹರಡಿರುತ್ತದೆ.

ಕಾಗದ ಒಪ್ಪಿಗೆಯಾದ ಮೇಲೆ ಅಚ್ಚು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ತಿರುಳು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆಗಳನ್ನು ಕೊರೆದು, ಇಡೀ ತಗಡಿಗೆ ಮಸಿ ಬಳಿದು, ಮೇಲ್ಮೈಯನ್ನು ಒರೆಸಿ ತೆಗೆದರೆ ಕೊರೆದ ಗೆರೆಗಳಲ್ಲಿ ಮಾತ್ರ ಮಸಿ ಉಳಿಯುತ್ತದೆ. ಅದರ ಮೇಲೆ ತೇವಗೊಳಿಸಿದ ಕಾಗದವನ್ನಿಟ್ಟು, ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿ ಹಾಯಿಸುತ್ತಾರೆ. ಕಾಗದವು ಗೆರೆಗಳೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಳ್ಳುವುದರಿಂದ ಪ್ರತಿಯೊಂದು ಗೆರೆಯೂ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿ ನಿಲ್ಲುತ್ತದೆ. ಟಾರ್ಚನ್ನು ಹಾಳೆಗೆ ಬಹುತೇಕ ಸಮಾನಾಂತರವಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ದಪ್ಪ ಅಕ್ಷರಗಳಲ್ಲಿ ಈ ಉಬ್ಬು ಎದ್ದು ಕಾಣುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಮಸಿ ಚಪ್ಪಟೆಯಾಗಿ ಕುಳಿತಿರುತ್ತದೆ. ಬೂದುಬಣ್ಣದ ಭಾಗಗಳು ಸಾಲುಸಾಲು ಚುಕ್ಕೆಗಳಾಗಿ ಒಡೆಯುತ್ತವೆ. ಒಂದೇ ಒಂದು ಕಡೆ ಅಂತಹ ಚುಕ್ಕೆಗಳ ಜಾಲ ಕಂಡರೂ ಅದು ಛಾಯಾಚಿತ್ರದಿಂದ ಮಾಡಿದ ಪ್ರತಿ ಎಂದು ತಿಳಿಯಿರಿ.

ಗೆರೆಯ ತುದಿಗಳನ್ನೂ ನೋಡಬೇಕು. ಉಳಿಯಿಂದ ಕೊರೆದ ಗೆರೆ ತುದಿಯಲ್ಲಿ ಸಣ್ಣಗಾಗಿ ಚೂಪಾಗಿ ಮುಗಿಯುತ್ತದೆ, ಏಕೆಂದರೆ ಉಳಿಯನ್ನು ತಗಡಿನಿಂದ ಎತ್ತುವಾಗ ಆಳ ಕಡಿಮೆಯಾಗುತ್ತದೆ. ಆಮ್ಲದಿಂದ ತಿನ್ನಿಸಿದ ಗೆರೆ ಮೊಂಡಾಗಿ ಮುಗಿಯುತ್ತದೆ. ಆದರೆ ಈ ನಿಯಮವನ್ನು ನಮ್ಮ ನಕ್ಷೆಗೆ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಡೂಟೆಕುಮ್ ಮನೆತನದ ಹಿಂದಿನ ತಲೆಮಾರಿನವರಾದ ಯೋಹಾನೆಸ್ ಮತ್ತು ಲ್ಯೂಕಾಸ್ ಸಹೋದರರು ಆಮ್ಲದ ಕೆಲಸವನ್ನು ಉಳಿಯ ಕೆಲಸದಂತೆಯೇ ಕಾಣುವ ಹಾಗೆ ಮಾಡುವುದರಲ್ಲಿ ಹೆಸರುವಾಸಿಯಾಗಿದ್ದರು. ಬಾಪ್ಟಿಸ್ಟಾ ಆ ಯೋಹಾನೆಸನ ಮಗ. ಹಾಗಾಗಿ ಅಲ್ಲಲ್ಲಿ ಮೊಂಡು ಗೆರೆ ಕಂಡಿತೆಂದು ನಕ್ಷೆಯನ್ನು ತಳ್ಳಿಹಾಕಬಾರದು. ಉಬ್ಬು ಇದೆಯೇ, ಚುಕ್ಕೆಗಳು ಇಲ್ಲವೇ ಎಂಬುದೇ ಇಲ್ಲಿ ಹೆಚ್ಚು ಭರವಸೆಯ ಸಾಕ್ಷಿ.

ನಂತರ ತಗಡಿನ ಅಂಚಿನ ಗುರುತು. ಒತ್ತಡದಲ್ಲಿ ತಗಡಿನ ನಾಲ್ಕು ಅಂಚುಗಳೂ ಕಾಗದದ ಮೇಲೆ ತಗ್ಗಾದ ಚೌಕವನ್ನು ಮೂಡಿಸುತ್ತವೆ. ಬೆನ್ನಿನ ಕಡೆಯಿಂದ ಬೆರಳ ತುದಿಯನ್ನು ಹಗುರವಾಗಿ ಆಡಿಸಿದರೆ ಅದು ತಿಳಿಯುತ್ತದೆ. ಇದನ್ನು ನಾಲ್ಕೂ ಬದಿಗಳ ನಡುವಿನಿಂದ ಮಿಲಿಮೀಟರ್‌ಗಳಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಆಂಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂನಂತಹ ದೊಡ್ಡ ಸಂಗ್ರಹಾಲಯಗಳು ತಮ್ಮಲ್ಲಿರುವ ಮುದ್ರಣಗಳ ಅಳತೆ ಮತ್ತು ಸ್ಪಷ್ಟ ಚಿತ್ರಗಳನ್ನು ಅಂತರ್ಜಾಲದಲ್ಲಿ ಒದಗಿಸಿವೆ. ತೇವದ ಕಾಗದ ಒಣಗುವಾಗ ಕುಗ್ಗುವುದರಿಂದ ಒಂದೇ ತಗಡಿನ ಎರಡು ಅಚ್ಚುಗಳ ನಡುವೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಅದು ಬೇರೆ ತಗಡು, ಇಲ್ಲವೇ ಹಿಗ್ಗಿಸಿದ ಅಥವಾ ಕುಗ್ಗಿಸಿದ ಪ್ರತಿ. ಖಾಲಿ ತಗಡನ್ನು ಒತ್ತಿ ಹುಸಿ ಗುರುತು ಮೂಡಿಸುವುದೂ ಉಂಟು. ಆದ್ದರಿಂದ ಗೆರೆಯ ಉಬ್ಬಿಲ್ಲದ ಹಾಳೆಯಲ್ಲಿ ಅಂಚಿನ ಗುರುತಿಗೆ ಬೆಲೆಯಿಲ್ಲ.

ಬೇರೆ ತಗಡು ಎಂದೆ. ಅದೇನೂ ಅಪರೂಪದ ಸಂಗತಿಯಲ್ಲ. ಲಿನ್ಸ್‌ಕೋಟನ್ನನ ಗ್ರಂಥ ಹೊರಬಂದ ಎರಡೇ ವರ್ಷಗಳಲ್ಲಿ, 1598ರಲ್ಲಿ, ಲಂಡನ್ನಿನ ಜಾನ್ ವುಲ್ಫ್ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದನು. ಅದರ ನಕ್ಷೆಗಳನ್ನು ಇಂಗ್ಲೆಂಡಿನಲ್ಲಿಯೇ ಹೊಸದಾಗಿ ಕೆತ್ತಿಸಲಾಗಿತ್ತು. ಅದೇ ಕಾಲಕ್ಕೆ ಫ್ರಾಂಕ್‌ಫರ್ಟಿನ ಡೆ ಬ್ರೈ ಸಹೋದರರು ತಮ್ಮ ಪ್ರವಾಸ ಕಥನಗಳ ಮಾಲೆಗೆ ಲಿನ್ಸ್‌ಕೋಟನ್ನನ ಚಿತ್ರಗಳನ್ನು ಚಿಕ್ಕದಾಗಿ ಮರುಕೆತ್ತಿಸಿಕೊಂಡರು. ಇವೆಲ್ಲ ನಾಲ್ಕು ಶತಮಾನ ಹಳೆಯ, ಅಸಲಿ ತಾಮ್ರಮುದ್ರಣಗಳೇ. ಆದರೆ ಕ್ಲಾಸನ ಹಾಳೆಯ ಹೆಸರಿನಲ್ಲಿ ಅವನ್ನು ಮಾರಿದರೆ ಅದು ತಪ್ಪು ವಿವರಣೆ. ಅಸಲಿ ಎಂಬ ಮಾತಿಗೆ ತೃಪ್ತರಾಗದೆ ಯಾರ ತಗಡು ಎಂದು ಕೇಳಬೇಕಾಗಿರುವುದು ಇದರಿಂದಲೇ.

ಗೋವಾದ ಇನ್ನೊಂದು ಹಳೆಯ ಕೆತ್ತನೆ ಇದಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯಲ್ಲಿ ಕಾಣುತ್ತದೆಯಾದ್ದರಿಂದ ಅದರ ಬಗ್ಗೆಯೂ ತಿಳಿದಿರುವುದು ಒಳ್ಳೆಯದು. ಜರ್ಮನಿಯ ಕೊಲೋನ್ ನಗರದಲ್ಲಿ ಪಾದ್ರಿ ಗಿಯೋರ್ಗ್ ಬ್ರೌನ್ ಮತ್ತು ಕೆತ್ತನೆಗಾರ ಫ್ರಾನ್ಸ್ ಹೋಗನ್‌ಬರ್ಗ್ ಸೇರಿ 1572ರಲ್ಲಿ ಆರಂಭಿಸಿದ, 1617ರವರೆಗೆ ಆರು ಸಂಪುಟಗಳಲ್ಲಿ ಬೆಳೆದ ಜಗತ್ತಿನ ಪಟ್ಟಣಗಳ ಗ್ರಂಥದಲ್ಲಿ ಗೋವಾದ ಒಂದು ನೋಟವಿದೆ. ಅದು ಒಂಟಿಯಾಗಿಲ್ಲ, ಮೊರಾಕ್ಕೋದ ಅನ್ಫಾ ಮತ್ತು ಅಜೆಮ್ಮೂರ್, ನಮ್ಮ ದಿಯು ಮತ್ತು ಗೋವಾ ಹೀಗೆ ನಾಲ್ಕು ಪಟ್ಟಣಗಳು ಒಂದೇ ತಗಡಿನಲ್ಲಿವೆ. ಗೋವಾದ ನೋಟ ಮಾತ್ರ ಕೈಗೆ ಬಂದರೆ ಅದು ಕತ್ತರಿಸಿದ ತುಂಡು, ಅದಕ್ಕೆ ನಾಲ್ಕೂ ಬದಿಗಳಲ್ಲಿ ತಗಡಿನ ಗುರುತು ಇರಲು ಸಾಧ್ಯವಿಲ್ಲ. ಈ ಹಾಳೆಯ ಬೆನ್ನಿನಲ್ಲಿ ಬರಹವಿರುತ್ತದೆ. ಬರಹ ಲ್ಯಾಟಿನ್, ಜರ್ಮನ್, ಫ್ರೆಂಚ್ ಇವುಗಳಲ್ಲಿ ಯಾವ ಭಾಷೆಯದು ಎಂಬುದರಿಂದ ಆವೃತ್ತಿಯನ್ನು ಗುರುತಿಸಲು ದಾರಿಯಾಗುತ್ತದೆ. ಆಂಟ್ವರ್ಪಿನ ಅಬ್ರಹಾಂ ಓರ್ಟೆಲಿಯಸ್ 1570ರಿಂದ ಹೊರತಂದ ಭೂಪಟಗಳಿಗೂ ಇದೇ ವಿಧಾನ ಸಲ್ಲುತ್ತದೆ. ಕ್ಲಾಸನ ನಕ್ಷೆಯ ಬೆನ್ನು ಖಾಲಿಯಾಗಿರುವುದರಿಂದ ಆ ಸೌಕರ್ಯ ನಮಗಿಲ್ಲ.

ಬ್ರೌನ್ ಮತ್ತು ಹೋಗನ್‌ಬರ್ಗ್ ಅವರ ಹಾಳೆಯಲ್ಲಿ ಗೋವಾವು 1509ರಲ್ಲಿ ಕ್ರೈಸ್ತರ ವಶವಾಯಿತೆಂದು ಕೆತ್ತಲಾಗಿದೆ. ಬಿಜಾಪುರದ ಆದಿಲಶಾಹಿಯಿಂದ ಅಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು 1510ರಲ್ಲಿ ಎಂಬುದು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ತಪ್ಪು ಇಸವಿ ಕಂಡು ನಕ್ಷೆ ನಕಲಿ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ದೂರದ ಕೊಲೋನ್‌ನಲ್ಲಿ ಕುಳಿತು ಕೆತ್ತಿಸಿದ ಅಸಲಿ ಹಾಳೆಗಳಲ್ಲಿಯೇ ಇಂತಹ ತಪ್ಪುಗಳಿವೆ. ಅದನ್ನು ಸದ್ದಿಲ್ಲದೆ ತಿದ್ದಿರುವ ಹಾಳೆಯ ಮೇಲೆಯೇ ಹೆಚ್ಚು ಸಂಶಯಪಡಬೇಕು.

ಮತ್ತೆ ನಮ್ಮ ನಕ್ಷೆಗೆ ಬರೋಣ. ಮೊದಲ ಆವೃತ್ತಿಯ ಅಚ್ಚು ಯಾವುದು, ನಂತರದ್ದು ಯಾವುದು ಎಂಬುದನ್ನು ತಗಡಿನ ಸವೆತದಿಂದ ಅಂದಾಜು ಮಾಡಬೇಕು. ತಾಮ್ರ ಮೆದು ಲೋಹ. ಪ್ರತಿಯೊಂದು ಅಚ್ಚಿಗೂ ಅದನ್ನು ಒರೆಸಿ ಒತ್ತುವುದರಿಂದ ಆಳವಿಲ್ಲದ ಗೆರೆಗಳು ಮೊದಲು ಸವೆಯುತ್ತವೆ: ನೆರಳಿಗಾಗಿ ಹಾಕಿದ ಸೂಕ್ಷ್ಮ ಗೀರುಗಳು, ನೀರಿನ ಅಲೆಗಳು, ಕಟ್ಟಡಗಳ ಪಕ್ಕದ ಛಾಯೆ. ದಪ್ಪ ಅಕ್ಷರಗಳು ಕೊನೆಯವರೆಗೂ ಗಟ್ಟಿಯಾಗಿಯೇ ಇರುತ್ತವೆ. ಆದ್ದರಿಂದ ಶಿರೋನಾಮೆಯ ಕಪ್ಪನ್ನು ನೋಡಿ ಮೋಸಹೋಗದೆ, ಸಂಗ್ರಹಾಲಯದ ಚಿತ್ರದಲ್ಲಿ ಒಂದು ಸಣ್ಣ ಭಾಗವನ್ನು ಆರಿಸಿಕೊಂಡು ಅಲ್ಲಿನ ಸೂಕ್ಷ್ಮ ಗೀರುಗಳನ್ನು ನಿಮ್ಮ ಹಾಳೆಯ ಗೀರುಗಳೊಂದಿಗೆ ಒಂದೊಂದಾಗಿ ಹೋಲಿಸಿ. ಕೆಲವು ಗೀರುಗಳು ಮಾಯವಾಗಿದ್ದರೆ ಅಥವಾ ಒರಟಾಗಿ ಮರುಕೊರೆದಂತಿದ್ದರೆ ನಿಮ್ಮದು ತಡವಾದ ಅಚ್ಚು. ಇದರಿಂದ ನಿಖರವಾದ ವರ್ಷ ಹೇಳಲಾಗುವುದಿಲ್ಲ. ಹಾಗೆ ಹೇಳುವವರ ಮಾತನ್ನು, ನಕ್ಷೆಯು ಇನ್ನೂ ಗ್ರಂಥದೊಳಗೇ ಇರುವ ಸಂದರ್ಭದ ಹೊರತು, ನಾನು ನಂಬುವುದಿಲ್ಲ.

ಬಣ್ಣದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಆ ಕಾಲದಲ್ಲಿ ಬಣ್ಣವನ್ನು ಮುದ್ರಿಸುತ್ತಿರಲಿಲ್ಲ, ಕೈಯಿಂದ ಹಚ್ಚುತ್ತಿದ್ದರು. ಹಳೆಯ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು. ಅದು ಕಾಲಕ್ರಮೇಣ ಕಾಗದವನ್ನು ತಿಂದು ಬೆನ್ನಿನಲ್ಲಿ ಕಂದು ಕಲೆಯಾಗಿ ಹೊರಬರುತ್ತದೆ. ಮುಂದೆ ಹಸಿರಿದ್ದು ಹಿಂದೆ ಏನೂ ಕಾಣದಿದ್ದರೆ ಬಣ್ಣ ಇತ್ತೀಚಿನದಿರಬಹುದು. ಬಣ್ಣವಿಲ್ಲದ ಹಾಳೆಯನ್ನು ಕೀಳೆಂದು ಬಗೆಯಬೇಡಿ.

ಚಿತ್ರವನ್ನು ನೋಡುವ ಸರದಿ ಈಗ ಬರುತ್ತದೆ, ಮತ್ತು ಗೋವಾದಲ್ಲಿ ನೆಲೆಸಿರುವವರಿಗೆ ಇದರಲ್ಲಿ ಒಂದು ಅನುಕೂಲವಿದೆ. ನಕ್ಷೆಯ ಸ್ಪಷ್ಟ ಪ್ರತಿಯೊಂದನ್ನು ಫೋನಿನಲ್ಲಿ ಇಟ್ಟುಕೊಂಡು ಪಣಜಿಯಿಂದ ಕದಂಬ ಬಸ್ಸಿನಲ್ಲಿ ಹಳೆ ಗೋವಾಕ್ಕೆ ಹೋಗಿ. ಉತ್ತರ ದಿಕ್ಕು ಮೇಲೆ ಇರುತ್ತದೆಂಬ ಅಭ್ಯಾಸವನ್ನು ಬಿಟ್ಟು, ಮೊದಲು ಮಾಂಡೋವಿ ನದಿಯನ್ನು ಗುರುತಿಸಿ, ಅಲ್ಲಿಂದ ಬೀದಿಗಳನ್ನು ಹಿಂಬಾಲಿಸಿ. ಲಿನ್ಸ್‌ಕೋಟನ್ ಕಂಡ ಪಟ್ಟಣ 1580ರ ದಶಕದ್ದು ಎಂಬುದನ್ನು ಮರೆಯಬಾರದು. ಇಂದು ಪ್ರವಾಸಿಗರು ಮೊದಲು ನೋಡುವ ಬೊಮ್ ಜೀಸಸ್ ಬಸಿಲಿಕದ ಕೆಲಸ ಆರಂಭವಾದದ್ದು 1594ರಲ್ಲಿ, ಪ್ರತಿಷ್ಠಾಪನೆಯಾದದ್ದು 1605ರಲ್ಲಿ. ವೈಸ್‌ರಾಯ್ ಕಮಾನನ್ನು ಕಟ್ಟಿಸಿದ್ದು 1599ರಲ್ಲಿ. ಸೆ ಕೆಥೆಡ್ರಲ್ ಕಟ್ಟಡದ ಕೆಲಸ 1562ರಲ್ಲಿ ಶುರುವಾಗಿ 1619ರವರೆಗೆ ನಡೆದಿತ್ತು. ಆದ್ದರಿಂದ ಈ ಕಟ್ಟಡಗಳನ್ನು ಇಂದಿನ ರೂಪದಲ್ಲಿ ತೋರಿಸುವ ನಕ್ಷೆಯು 1595ರ ತಗಡಿನದಾಗಿರಲಾರದು. ನದಿದಂಡೆಯಿಂದ ಒಳಕ್ಕೆ ಸಾಗುತ್ತಿದ್ದ ರುವಾ ದಿರೈತಾ ಎಂಬ ಮುಖ್ಯ ಬೀದಿಯಲ್ಲಿ ಬೆಳಗಿನ ಹೊತ್ತು ಹರಾಜು ನಡೆಯುತ್ತಿದ್ದುದನ್ನು ಲಿನ್ಸ್‌ಕೋಟನ್ ವಿವರಿಸಿದ್ದಾನೆ. ಹೊಲ ಉಳುವ ಕನಾರಿನ್ ಜನರ ಬಗ್ಗೆಯೂ, ಘಟ್ಟದ ಮೇಲಿನಿಂದ ಬಂದು ವ್ಯಾಪಾರ ಮಾಡುವ ಕನರಾ ಮತ್ತು ದಖನಿ ಜನರ ಬಗ್ಗೆಯೂ ಬರೆದಿದ್ದಾನೆ. ಬೈನಾದಲ್ಲಿಯೋ ಮಾಪುಸಾದಲ್ಲಿಯೋ ಇರುವ ಕನ್ನಡಿಗರು ಆ ಪುಟಗಳನ್ನು ಓದಿದರೆ ನಾಲ್ಕು ಶತಮಾನಗಳ ಹಿಂದಿನ ನೆರೆಹೊರೆಯವರು ಸಿಕ್ಕಾರು.

ಇಷ್ಟಾದ ಮೇಲೆಯೂ ಸಂಶಯ ಉಳಿದರೆ ತಿಳಿದವರನ್ನು ಕೇಳಬೇಕು. ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯ ಮತ್ತು ಆಲ್ತೊ ಪೊರ್ವೊರಿಯ ಕ್ಸೇವಿಯರ್ ಇತಿಹಾಸ ಸಂಶೋಧನಾ ಕೇಂದ್ರಗಳಲ್ಲಿ ಪೋರ್ಚುಗೀಸ್ ಕಾಲದ ಪುಸ್ತಕಗಳು ನೋಡಸಿಗುತ್ತವೆ. ಮುಂಬಯಿಯಲ್ಲಿರುವವರು ಟೌನ್‌ಹಾಲಿನ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವನ್ನು ಆಶ್ರಯಿಸಬಹುದು. ಹರಿದ, ಬೂಷ್ಟು ಹಿಡಿದ ನಕ್ಷೆಯ ದುರಸ್ತಿಗಾಗಿ ಅದೇ ನಗರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದ ಕಲಾ ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಬಹುದು.

ಕೊಳ್ಳುವ ಮುನ್ನ ಕಾನೂನಿನ ಒಂದು ಮಾತು. 1972ರ ಪ್ರಾಚೀನ ವಸ್ತುಗಳು ಹಾಗೂ ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಐತಿಹಾಸಿಕ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಮತ್ತು ಅಂತಹ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮಸ್ಕತ್ತಿನಲ್ಲೋ ಲಿಸ್ಬನ್ನಿನಲ್ಲೋ ಇರುವ ಮಕ್ಕಳಿಗೆ ಉಡುಗೊರೆಯಾಗಿ ಸೂಟ್‌ಕೇಸಿನಲ್ಲಿ ಕಳಿಸುವ ಆಲೋಚನೆಯಿದ್ದರೆ ಅದನ್ನು ಇಲ್ಲಿಯೇ ಕೈಬಿಡಿ. ರಸೀದಿಯಲ್ಲಿ 'ಹಳೆಯ ನಕ್ಷೆ' ಎಂದಷ್ಟೇ ಬರೆಸಿಕೊಳ್ಳದೆ, ಪ್ರಕಾಶಕನ ಹೆಸರು, ತಗಡಿನ ಅಳತೆ ಮತ್ತು ಅಸಲಿ ತಾಮ್ರಮುದ್ರಣವೆಂಬ ಹೇಳಿಕೆಯನ್ನು ಬರೆಸಿಕೊಳ್ಳಿ.

ಇಟ್ಟುಕೊಳ್ಳುವ ಕ್ರಮದಲ್ಲಿ ಕರಾವಳಿಯ ಮಳೆಗಾಲವೇ ಎಲ್ಲಕ್ಕಿಂತ ದೊಡ್ಡ ಶತ್ರು. ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸಿದ ನಕ್ಷೆ ಹಾಳಾದ ನಕ್ಷೆಯೇ ಸರಿ; ಸೆಲೋಟೇಪಿನ ಅಂಟೂ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಹರಿದ ಜಾಗಕ್ಕೆ ಗೋಧಿಗಂಜಿಯ ಅಂಟು ಮತ್ತು ತೆಳುವಾದ ಜಪಾನಿ ಕಾಗದವನ್ನು ತರಬೇತಿ ಪಡೆದವರಿಂದ ಹಾಕಿಸಬೇಕು. ಚೌಕಟ್ಟು ಹಾಕಿಸುವಾಗ ಆಮ್ಲರಹಿತ ರಟ್ಟನ್ನೇ ಕೇಳಿ ಪಡೆಯಿರಿ. ಗಾಜು ನಕ್ಷೆಗೆ ತಾಗದಂತೆ ನಡುವೆ ಅಂತರವಿರಲಿ, ಮತ್ತು ನಕ್ಷೆಯನ್ನು ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕದೆ ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಚೌಕಟ್ಟನ್ನು ಇಳಿಸಿ, ಬೆನ್ನಿನ ರಟ್ಟಿನಲ್ಲಿ ತೇವ, ಬೂಷ್ಟು ಅಥವಾ ಹುಳುಗಳ ಗುರುತು ಇದೆಯೇ ಎಂದು ನೋಡಬೇಕು. ಬೂಷ್ಟು ಕಂಡರೆ ಬಟ್ಟೆಯಿಂದ ಒರೆಸಲು ಹೋಗದೆ, ನಕ್ಷೆಯನ್ನು ಒಣಗಿದ ಗಾಳಿಯಾಡುವ ಕೋಣೆಯಲ್ಲಿ ಬೇರೆ ಕಾಗದಗಳಿಂದ ದೂರವಿಟ್ಟು ಸಂರಕ್ಷಕರಿಗೆ ತೋರಿಸಿ.